ಹಸುವಿಗೆ ಅನ್ನ ವಿಷವಾಗುವುದೇಕೆ? ಮನುಷ್ಯನ ಹೊಟ್ಟೆ, ಪ್ರಾಣಿಗಳ ಹೊಟ್ಟೆ

ಹಬ್ಬ, ಮದುವೆ, ಗೃಹಪ್ರವೇಶಗಳಲ್ಲಿ ಉಳಿದ ಅನ್ನವನ್ನು ಹಸುವಿಗೆ ಹಾಕುವುದು ನಮ್ಮಲ್ಲಿ ಪುಣ್ಯದ ಕೆಲಸವೆಂದೇ ಪರಿಗಣಿತವಾಗಿದೆ. ಹಾಗೆ ಬಕೆಟ್ಟುಗಟ್ಟಲೆ ಹಾಕಿದ ಅನ್ನ ಅದೇ ಹಸುವಿನ ಪ್ರಾಣಕ್ಕೆ ಎರವಾಗಬಲ್ಲದು ಎಂಬುದು ಪಶುವೈದ್ಯರಿಗೆ ಚೆನ್ನಾಗಿ ತಿಳಿದ ಸಂಗತಿ. ಹಾಕಿದವರಿಗೆ ಬಹುತೇಕ ತಿಳಿದಿರುವುದಿಲ್ಲ. ಮನುಷ್ಯನಿಗೆ ಸಲೀಸಾಗಿ ಅರಗುವ ಅನ್ನ ಹಸುವಿಗೆ ವಿಷವಾಗುವುದೇಕೆ? ಹಸು ತಿಂದು ಹಾಲಾಗಿಸುವ ಒಣಹುಲ್ಲನ್ನು ಮನುಷ್ಯ ಎಷ್ಟು ತಿಂದರೂ ಹಸಿವು ಹಿಂಗದಿರುವುದೇಕೆ? ಎರಡೂ ಪ್ರಶ್ನೆಗಳಿಗೆ ಉತ್ತರವಿರುವುದು ಹೊಟ್ಟೆಯ ರಚನೆಯಲ್ಲಿ.

ನಾವು ತಿನ್ನುವ ಪಿಷ್ಟ, ಪ್ರೋಟೀನ್, ಕೊಬ್ಬು ಇವೆಲ್ಲವೂ ದೊಡ್ಡ ದೊಡ್ಡ ಅಣುಗಳು. ಇದ್ದ ಹಾಗೆಯೇ ಅವು ಕರುಳಿನ ಗೋಡೆಯನ್ನು ದಾಟಿ ರಕ್ತವನ್ನು ಸೇರಲಾರವು. ಅವುಗಳನ್ನು ಕತ್ತರಿಸಿ, ಸಕ್ಕರೆ, ಅಮೈನೋ ಆಮ್ಲ, ಕೊಬ್ಬಿನಾಮ್ಲಗಳಂಥ ಚಿಕ್ಕ ಘಟಕಗಳನ್ನಾಗಿ ಮಾಡುವ ಕಾರ್ಯವೇ ಜೀರ್ಣಕ್ರಿಯೆ. ಕತ್ತರಿಸುವ ಉಪಕರಣಗಳಿಗೆ ಕಿಣ್ವಗಳೆಂದು ಹೆಸರು. ಒಂದು ಕಿಣ್ವ ಒಂದು ಬಗೆಯ ಬೆಸುಗೆಯನ್ನು ಮಾತ್ರ ಬಿಡಿಸಬಲ್ಲದು. ಅಕ್ಕಿಯಲ್ಲಿರುವ ಪಿಷ್ಟವೂ ಹುಲ್ಲಿನಲ್ಲಿರುವ ಸೆಲ್ಯುಲೋಸೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಸರಪಳಿಗಳು. ಕೊಂಡಿಗಳು ಬೆಸೆದುಕೊಂಡ ರೀತಿಯಷ್ಟೇ ಬೇರೆ. ಮೊದಲನೆಯದನ್ನು ಬಿಡಿಸುವ ಕಿಣ್ವ ನಮ್ಮ ಜೊಲ್ಲಿನಲ್ಲೇ ಇದೆ. ಎರಡನೆಯದನ್ನು ಬಿಡಿಸುವ ಕಿಣ್ವವನ್ನು ಮನುಷ್ಯನ ದೇಹ ತಯಾರಿಸುವುದಿಲ್ಲ. ಅಚ್ಚರಿಯೆಂದರೆ, ಹಸುವಿನ ದೇಹವೂ ತಯಾರಿಸುವುದಿಲ್ಲ.

ಬಾಯಿಯಿಂದ ಕರುಳಿನವರೆಗೆ

ಮನುಷ್ಯನ ಬಾಯಲ್ಲಿ ದಿನವೊಂದಕ್ಕೆ ಒಂದರಿಂದ ಒಂದೂವರೆ ಲೀಟರ್ ಜೊಲ್ಲು ಸ್ರವಿಸುತ್ತದೆ. ಅನ್ನವನ್ನು ಸ್ವಲ್ಪ ಹೊತ್ತು ಅಗಿಯುತ್ತಿದ್ದರೆ ನಾಲಿಗೆಗೆ ಸಿಹಿ ತಾಗುವುದು ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವದಿಂದ. ಹಾಗೆಂದು ಅಗಿಯದೆ ನುಂಗಿದರೆ ಅರಗುವುದೇ ಇಲ್ಲವೆಂದಲ್ಲ. ಹಳೇ ಮೈಸೂರು ಸೀಮೆಯಲ್ಲಿ ರಾಗಿಮುದ್ದೆಯನ್ನು ಅಗಿಯುವವನನ್ನು ಕಂಡರೆ ಪಕ್ಕದವರು ನಗುತ್ತಾರೆ. ಅದನ್ನು ಸಾರಿನಲ್ಲಿ ಅದ್ದಿ ನುಂಗುವುದೇ ಕ್ರಮ. ಬಾಯಲ್ಲಿ ಆಗದೇ ಉಳಿದ ಕೆಲಸವನ್ನು ಮುಂದೆ ಮೇದೋಜೀರಕ ಗ್ರಂಥಿಯಿಂದ ಬರುವ ಅಮೈಲೇಸ್ ಪೂರೈಸುತ್ತದೆ.

ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ ತುತ್ತನ್ನು ಹಿಂಡಿ ಹಿಂಡಿ ಕೆಳಕ್ಕೆ ದಬ್ಬುತ್ತದೆ. ಮಲಗಿ ನುಂಗಿದರೂ ತುತ್ತು ಜಠರ ಸೇರುವುದು ಈ ಹಿಂಡುವಿಕೆಯಿಂದಲೇ ಹೊರತು ಭಾರದಿಂದಲ್ಲ. ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೂ ಪ್ರೋಟೀನನ್ನು ಕತ್ತರಿಸುವ ಪೆಪ್ಸಿನ್ನೂ ಕಾದಿರುತ್ತವೆ. ಜಠರದ ಒಳಗೋಡೆ ಲೋಳೆಯ ಪದರವನ್ನು ಹೊದ್ದು, ತನ್ನ ಜೀವಕೋಶಗಳನ್ನು ಕೆಲವೇ ದಿನಗಳಿಗೊಮ್ಮೆ ಹೊಸದಾಗಿಸಿಕೊಳ್ಳುತ್ತಾ ತನ್ನದೇ ಆಮ್ಲದಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ.

ಜಠರದೊಳಗೆ ನಿಜಕ್ಕೂ ಏನು ನಡೆಯುತ್ತದೆಂಬುದು ಗೊತ್ತಾದ ಬಗೆ ವಿಚಿತ್ರವಾದುದು. ಆಹಾರ ಅಲ್ಲಿ ಬೇಯುತ್ತದೆಯೋ, ಕೊಳೆಯುತ್ತದೆಯೋ, ಅರೆಯಲ್ಪಡುತ್ತದೆಯೋ ಎಂಬ ವಾದ ಬಹುಕಾಲ ನಡೆದಿತ್ತು. 1752ರಲ್ಲಿ ಫ್ರಾನ್ಸಿನ ರೋಮ್ಯೂರ್ ಎಂಬ ವಿಜ್ಞಾನಿ, ಅರಗದ್ದನ್ನು ಕಕ್ಕುವ ಬೇಟೆಹಕ್ಕಿಯೊಂದಕ್ಕೆ ಮಾಂಸ ತುಂಬಿದ ಲೋಹದ ಕೊಳವೆಗಳನ್ನು ನುಂಗಿಸಿ, ಕೊಳವೆ ಹೊರಬಂದಾಗ ಮಾಂಸ ಕರಗಿರುವುದನ್ನು ಕಂಡ. ಅರೆಯುವಿಕೆ ಅಲ್ಲವೆಂದಾಯಿತು. ಇಟಲಿಯ ಸ್ಪಲ್ಲಂಜಾನಿ ಬಟ್ಟೆಯ ಚೀಲಗಳಲ್ಲಿ ಆಹಾರವಿಟ್ಟು ತಾನೇ ನುಂಗಿ ನೋಡಿದ. ಆದರೆ ಜೀವಂತ ಮನುಷ್ಯನ ಜಠರಕ್ಕೆ ಕಿಟಕಿ ತೆರೆದದ್ದು ಒಂದು ಅಪಘಾತ. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ, ತುಪ್ಪಳದ ವ್ಯಾಪಾರದ ಕಂಪನಿಯೊಂದರ ಕೆಲಸಗಾರ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತನಿಗೆ ಅತಿ ಸಮೀಪದಿಂದ ಗುಂಡು ತಗುಲಿತು. ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ಆತನನ್ನು ಬದುಕಿಸಿದನಾದರೂ ಜಠರದ ಗಾಯ ಮುಚ್ಚಿಕೊಳ್ಳಲಿಲ್ಲ. ಹೊಟ್ಟೆಯ ಮೇಲೆ ತೂತೊಂದು ಶಾಶ್ವತವಾಗಿ ಉಳಿಯಿತು.

ಬ್ಯೂಮಾಂಟ್ 1825ರಿಂದ 1833ರವರೆಗೆ ಬಿಟ್ಟು ಬಿಟ್ಟು ಆ ತೂತಿನ ಮೂಲಕ ರೇಷ್ಮೆ ದಾರಕ್ಕೆ ಕಟ್ಟಿದ ಮಾಂಸ, ಬ್ರೆಡ್ಡು, ಎಲೆಕೋಸಿನ ಚೂರುಗಳನ್ನು ಒಳಗಿಳಿಸಿ, ಗಂಟೆಗೊಮ್ಮೆ ಹೊರಗೆಳೆದು ನೋಡಿದ. ಜಠರರಸವನ್ನು ಹೊರತೆಗೆದು ಸೀಸೆಯಲ್ಲಿ ಬೆಚ್ಚಗಿಟ್ಟು ಅದರಲ್ಲಿ ಮಾಂಸ ಹಾಕಿದರೆ ಅಲ್ಲಿಯೂ ಕರಗುತ್ತದೆ, ಸ್ವಲ್ಪ ನಿಧಾನವಾಗಿ ಅಷ್ಟೇ, ಎಂದು ತೋರಿಸಿದ. ಜೀರ್ಣಕ್ರಿಯೆ ರಾಸಾಯನಿಕ ಕ್ರಿಯೆ ಎಂಬುದು ಅಲ್ಲಿಗೆ ಖಚಿತವಾಯಿತು. ಸಿಟ್ಟು ಬಂದಾಗ ರೋಗಿಯ ಅರಗುವಿಕೆ ಕುಂದುವುದನ್ನೂ ಆತ ದಾಖಲಿಸಿದ್ದಾನೆ. ರೋಗಿಗೆ ಸಿಟ್ಟು ಬರಲು ಕಾರಣಗಳಿದ್ದವು ಎನ್ನಬೇಕು: ಓದು ಬಾರದ ಬಡವನನ್ನು ಕರಾರಿನಲ್ಲಿ ಕಟ್ಟಿಹಾಕಿ ವರ್ಷಗಟ್ಟಲೆ ಪ್ರಯೋಗಕ್ಕೆ ಒಡ್ಡಿದ್ದು ಇಂದಿನ ವೈದ್ಯಕೀಯ ನೀತಿಯ ಕಣ್ಣಿಗೆ ಅಷ್ಟೇನೂ ಚೆಂದ ಕಾಣುವುದಿಲ್ಲ. 1880ರಲ್ಲಿ ಸೇಂಟ್ ಮಾರ್ಟಿನ್ ತೀರಿಕೊಂಡಾಗ ವೈದ್ಯರು ಶವಪರೀಕ್ಷೆಗೆ ಮುಗಿಬಿದ್ದಾರೆಂದು ಮನೆಯವರು ಹೆಣ ಕೊಳೆಯುವವರೆಗೂ ಕಾದು, ಆಳವಾದ ಗುಂಡಿಯಲ್ಲಿ ಹೂಳಿದರು.

ಜಠರದಲ್ಲಿ ಇಷ್ಟೆಲ್ಲ ನಡೆದರೂ ಪೋಷಕಾಂಶಗಳು ರಕ್ತಕ್ಕೆ ಸೇರುವ ಮುಖ್ಯ ಸ್ಥಳ ಸಣ್ಣ ಕರುಳು. ಮೇದೋಜೀರಕ ಗ್ರಂಥಿಯ ರಸ ಆಮ್ಲವನ್ನು ತಣಿಸಿ ಪಿಷ್ಟ, ಪ್ರೋಟೀನ್, ಕೊಬ್ಬು ಮೂರನ್ನೂ ಕತ್ತರಿಸುತ್ತದೆ. ಪಿತ್ತರಸದಲ್ಲಿ ಕಿಣ್ವವಿಲ್ಲ, ಸೋಪಿನಂತೆ ಅದು ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ಕರುಳಿನ ಒಳಮೈ ಮಖಮಲ್ಲಿನಂತೆ ಅಸಂಖ್ಯ ಎಳೆಗಳಿಂದ ಕೂಡಿದ್ದು, ಅದನ್ನು ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟಾಗುತ್ತದೆಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಅಳೆದು, ಇಡೀ ಜೀರ್ಣನಾಳದ ಒಳಮೈ ಸುಮಾರು 32 ಚದರ ಮೀಟರ್, ಅಂದರೆ ಬ್ಯಾಡ್ಮಿಂಟನ್ ಅಂಗಳದ ಅರ್ಧದಷ್ಟು ಮಾತ್ರ ಎಂದು ತಿಳಿಸಿದರು. ಅದೂ ಕಡಿಮೆಯೇನಲ್ಲ.

ಕರುಳಿನ ಇನ್ನೊಂದು ಕೆಲಸ ನೀರಿನ ಲೆಕ್ಕ. ಕುಡಿದ ನೀರು, ಜೊಲ್ಲು, ಜಠರರಸ, ಪಿತ್ತರಸ ಎಲ್ಲ ಸೇರಿ ದಿನಕ್ಕೆ ಎಂಟೊಂಬತ್ತು ಲೀಟರ್ ದ್ರವ ಸಣ್ಣ ಕರುಳಿಗೆ ಬರುತ್ತದೆ. ಮಲದಲ್ಲಿ ಹೊರಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಕಾಲರಾ ಬಂದಾಗ ಈ ಲೆಕ್ಕ ತಲೆಕೆಳಗಾಗಿ ರೋಗಿ ಗಂಟೆಗಳಲ್ಲಿ ಸಾಯಬಹುದು. ಆದರೆ ಆಗಲೂ ಗ್ಲೂಕೋಸ್ ಜೊತೆಗಿದ್ದರೆ ಉಪ್ಪನ್ನು, ಉಪ್ಪಿನ ಹಿಂದೆ ನೀರನ್ನು ಒಳಗೆಳೆದುಕೊಳ್ಳುವ ದಾರಿಯೊಂದು ಕರುಳಿನಲ್ಲಿ ತೆರೆದೇ ಇರುತ್ತದೆ. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿದುಹೋದಾಗ ಡಾ. ದಿಲೀಪ್ ಮಹಲನೊಬಿಸ್ ಅವರು ಉಪ್ಪು, ಗ್ಲೂಕೋಸ್ ಕರಗಿಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಔಷಧದಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದಿರುವುದು ಕರುಳಿನ ಈ ಒಂದು ಗುಣ.

ಹಸುವಿನ ಹೊಟ್ಟೆಯ ಹುದುಗುವ ತೊಟ್ಟಿ

ಹಸುವಿಗೆ ನಾಲ್ಕು ಹೊಟ್ಟೆ ಎಂಬ ಮಾತು ರೂಢಿಯಲ್ಲಿದೆ. ಸರಿಯಾಗಿ ಹೇಳುವುದಾದರೆ ಒಂದೇ ಹೊಟ್ಟೆ, ನಾಲ್ಕು ಕೋಣೆಗಳು. ಮೊದಲನೆಯ ರೂಮೆನ್ ಎಂಬುದು ಹೊಟ್ಟೆಯ ಎಡಭಾಗವನ್ನೆಲ್ಲ ಆಕ್ರಮಿಸಿರುವ ದೊಡ್ಡ ಚೀಲ. ದೊಡ್ಡ ತಳಿಯ ಹಸುವಿನಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಎರಡನೆಯ ರೆಟಿಕ್ಯುಲಂನ ಒಳಮೈ ಜೇನುಗೂಡಿನಂತಿದೆ. ಮೂರನೆಯ ಒಮೇಸಂನಲ್ಲಿ ಪುಸ್ತಕದ ಹಾಳೆಗಳಂಥ ಮಡಿಕೆಗಳು. ನಾಲ್ಕನೆಯ ಅಬೊಮೇಸಂ ಮಾತ್ರ ನಮ್ಮ ಜಠರದಂತೆ ಆಮ್ಲ ಸುರಿಸುವ ನಿಜವಾದ ಜಠರ. ಆಡು ಕುರಿಗಳಲ್ಲೂ ಇದೇ ವ್ಯವಸ್ಥೆ. ಮಾಂಸದಂಗಡಿಯಲ್ಲಿ ಬೋಟಿ ಕೊಂಡವರು ಟವೆಲಿನಂಥ ತುಂಡನ್ನೂ ಜೇನುಗೂಡಿನಂಥ ತುಂಡನ್ನೂ ನೋಡಿಯೇ ಇರುತ್ತಾರೆ.

ಹಸುವಿಗೆ ಮೇಲಿನ ಬಾಚಿಹಲ್ಲುಗಳಿಲ್ಲ. ನಾಲಿಗೆಯಿಂದ ಹುಲ್ಲನ್ನು ಸುತ್ತಿ, ಕೆಳಗಿನ ಹಲ್ಲಿಗೂ ಮೇಲಿನ ಗಟ್ಟಿ ವಸಡಿಗೂ ನಡುವೆ ಒತ್ತಿ ಕಿತ್ತು, ಹೆಚ್ಚು ಅಗಿಯದೆ ನುಂಗಿಬಿಡುತ್ತದೆ. ಆಮೇಲೆ ನೆರಳಿನಲ್ಲಿ ಮಲಗಿ, ನುಂಗಿದ್ದನ್ನು ಉಂಡೆಯುಂಡೆಯಾಗಿ ಬಾಯಿಗೆ ತಂದುಕೊಂಡು ದಿನಕ್ಕೆ ಆರರಿಂದ ಎಂಟು ಗಂಟೆ ಮೆಲುಕು ಹಾಕುತ್ತದೆ. ಹಳೆಯ ನೆನಪನ್ನು ಮರಳಿ ತಂದುಕೊಳ್ಳುವುದಕ್ಕೂ ಕನ್ನಡಿಗರು ಮೆಲುಕು ಹಾಕುವುದು ಎಂದೇ ಹೇಳುವುದನ್ನು ನೋಡಿದರೆ, ಈ ಕ್ರಿಯೆಯನ್ನು ನಮ್ಮ ಹಿರಿಯರು ಎಷ್ಟು ಹತ್ತಿರದಿಂದ ಗಮನಿಸಿದ್ದರೆಂಬುದು ತಿಳಿಯುತ್ತದೆ.

ಮೆಲುಕಿನ ಉದ್ದೇಶ ಎರಡು. ಹುಲ್ಲು ನುಣ್ಣಗಾಗುತ್ತದೆ ಎಂಬುದು ಒಂದು. ಹೆಚ್ಚು ಮಹತ್ವದ್ದು ಜೊಲ್ಲು. ಹಸು ದಿನಕ್ಕೆ 100 ಲೀಟರಿಗೂ ಮೀರಿ ಜೊಲ್ಲು ಸುರಿಸುತ್ತದೆ. ಅದರಲ್ಲಿ ಪಿಷ್ಟ ಕರಗಿಸುವ ಕಿಣ್ವವಿಲ್ಲ, ಬದಲಿಗೆ ಬೈಕಾರ್ಬನೇಟ್, ಅಂದರೆ ನಮ್ಮ ಅಡುಗೆ ಸೋಡಾದ ಅಂಶ, ಧಾರಾಳವಾಗಿದೆ. ಒರಟು ಮೇವು ತಿಂದಷ್ಟೂ ಮೆಲುಕು ಹೆಚ್ಚು. ಮೆಲುಕು ಹೆಚ್ಚಿದಷ್ಟೂ ರೂಮೆನ್‌ಗೆ ಸೋಡಾ ಹೆಚ್ಚು.

ಸೋಡಾ ಬೇಕಿರುವುದು ಏತಕ್ಕೆ? ರೂಮೆನ್ ಎಂಬುದು ಸುಮಾರು 39 ಡಿಗ್ರಿ ಶಾಖದಲ್ಲಿ, ಗಾಳಿಯಿಲ್ಲದೆ, ಸದಾ ಕದಡುತ್ತಿರುವ ಹುದುಗುವ ತೊಟ್ಟಿ. ಇಡ್ಲಿ ಹಿಟ್ಟು ಹುಳಿಯಾಗುವುದೂ ಹುದುಗುವಿಕೆಯೇ, ಆದರೆ ರೂಮೆನ್ ಅಷ್ಟು ಹುಳಿಯಾಗಬಾರದು. ಅದರ ಒಂದು ಮಿಲಿಲೀಟರ್ ರಸದಲ್ಲಿ ನೂರಾರು ಕೋಟಿ ಬ್ಯಾಕ್ಟೀರಿಯಾಗಳಿವೆ. ಜೊತೆಗೆ ಪ್ರೋಟೋಜೋವಾ, ಶಿಲೀಂಧ್ರಗಳು. ಸೆಲ್ಯುಲೋಸ್ ಒಡೆಯುವ ಕಿಣ್ವ ಇರುವುದು ಇವುಗಳ ಬಳಿ. ಇವು ನಾರನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನು ಬಿಡುತ್ತವೆ. ಅವು ರೂಮೆನ್ ಗೋಡೆಯ ಮೂಲಕವೇ ರಕ್ತಕ್ಕೆ ಸೇರಿ ಹಸುವಿನ ಶಕ್ತಿಯ ಸುಮಾರು ಶೇ 70ರಷ್ಟನ್ನು ಒದಗಿಸುತ್ತವೆ. ಹುಲ್ಲಿನೊಂದಿಗೆ ಸೂಕ್ಷ್ಮಜೀವಿಗಳೂ ನಾಲ್ಕನೆಯ ಕೋಣೆಗೆ ಜಾರಿ, ಆಮ್ಲದಲ್ಲಿ ಸತ್ತು, ಹಸುವಿಗೆ ಪ್ರೋಟೀನ್ ಆಗುತ್ತವೆ. ಸಸ್ಯಾಹಾರಿಯೆಂದು ನಾವು ಗೌರವಿಸುವ ಹಸು ತನ್ನ ಪ್ರೋಟೀನಿನ ಬಹುಭಾಗಕ್ಕೆ ತಾನೇ ಸಾಕಿದ ಸೂಕ್ಷ್ಮಜೀವಿಗಳನ್ನು ಅವಲಂಬಿಸಿದೆ! ಹುದುಗುವಾಗ ಹುಟ್ಟುವ ಮೀಥೇನ್ ಮತ್ತಿತರ ಅನಿಲವನ್ನು ಹಸು ತೇಗಿ ಹೊರಹಾಕುತ್ತದೆ. ತೇಗಲಾಗದಿದ್ದರೆ ಎಡಪಕ್ಕೆ ಉಬ್ಬಿ, ಉಸಿರುಗಟ್ಟಿ ಸಾಯುತ್ತದೆ.

ಹುಟ್ಟಿದ ಕರುವಿಗೆ ಈ ತೊಟ್ಟಿ ಇನ್ನೂ ಸಿದ್ಧವಾಗಿರುವುದಿಲ್ಲ. ಅದು ಚೀಪಿದಾಗ ಅನ್ನನಾಳದ ತುದಿಯ ಮಡಿಕೆಯೊಂದು ಕಾಲುವೆಯಂತೆ ಮುಚ್ಚಿಕೊಂಡು ಹಾಲನ್ನು ನೇರವಾಗಿ ನಾಲ್ಕನೆಯ ಕೋಣೆಗೆ ಸಾಗಿಸುತ್ತದೆ. ಕರುವಿನ ಕರುಳು ಮೊದಲ 24 ಗಂಟೆಗಳ ಕಾಲ ಮಾತ್ರ ತಾಯಿಯ ಮೊದಲ ಹಾಲಿನಲ್ಲಿರುವ ರೋಗನಿರೋಧಕ ಪ್ರೋಟೀನುಗಳನ್ನು ಕತ್ತರಿಸದೆ ಇಡಿಯಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಗಂಟೆಗಳು ಉರುಳಿದಂತೆ ಈ ಬಾಗಿಲು ಮುಚ್ಚುತ್ತಾ ಹೋಗುತ್ತದೆ. ದನಗಳಲ್ಲಿ ಗರ್ಭದಲ್ಲಿರುವಾಗ ಈ ರಕ್ಷಣೆ ಕರುವಿಗೆ ದೊರೆಯುವುದಿಲ್ಲ. ಗಿಣ್ಣಿನ ರುಚಿ ಬಲ್ಲವರು ಇದನ್ನೂ ಬಲ್ಲವರಾಗಿರಬೇಕು: ಮೊದಲ ಕೆಲವು ಗಂಟೆಗಳ ಹಾಲು ಕರುವಿನ ಪಾಲು, ಉಳಿದದ್ದು ಮಾತ್ರ ಪಾತ್ರೆಗೆ.

ಅನ್ನ ಹಾಕಿದರೆ ಆಗುವುದೇನು?

ಬೇಯಿಸಿದ ಅನ್ನವನ್ನು ಹಸು ಮೆಲುಕು ಹಾಕಬೇಕಿಲ್ಲ. ಮೆಲುಕಿಲ್ಲದಿದ್ದರೆ ಜೊಲ್ಲಿಲ್ಲ, ಸೋಡಾ ಇಲ್ಲ. ಇತ್ತ ರೂಮೆನ್‌ನಲ್ಲಿ ನಾರು ಒಡೆಯುವ ನಿಧಾನಗತಿಯ ಬ್ಯಾಕ್ಟೀರಿಯಾಗಳನ್ನು ಹಿಂದಿಕ್ಕಿ, ಪಿಷ್ಟ ಸಿಕ್ಕೊಡನೆ ಮಿತಿಮೀರಿ ಬೆಳೆಯುವ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವನ್ನು ಸುರಿಯತೊಡಗುತ್ತವೆ. ಕೆಲವೇ ಗಂಟೆಗಳಲ್ಲಿ ತೊಟ್ಟಿ ಹುಳಿಯಾಗುತ್ತದೆ. ಪ್ರೋಟೋಜೋವಾಗಳೂ ನಾರು ಒಡೆಯುವ ಜೀವಿಗಳೂ ಸಾಯುತ್ತವೆ, ರೂಮೆನ್‌ನ ಕದಡುವಿಕೆ ನಿಲ್ಲುತ್ತದೆ. ಗಾಢವಾದ ಆ ಹುಳಿರಸ ದೇಹದ ನೀರನ್ನು ತನ್ನತ್ತ ಸೆಳೆದುಕೊಳ್ಳುವುದರಿಂದ ಹೊಟ್ಟೆಯಲ್ಲಿ ನೀರು ತುಂಬಿದ್ದರೂ ಹಸುವಿನ ರಕ್ತ ಬತ್ತುತ್ತದೆ. ಆಮ್ಲವು ರಕ್ತಕ್ಕೂ ಸೇರುತ್ತದೆ. ಮೇವು ಬಿಡುವುದು, ಮೆಲುಕು ನಿಲ್ಲುವುದು, ಹುಳಿ ವಾಸನೆಯ ನೀರುಭೇದಿ, ಹಲ್ಲು ಕಡಿಯುವುದು, ತೂರಾಡುವುದು, ಕೊನೆಗೆ ಏಳಲಾಗದೆ ಮಲಗಿಬಿಡುವುದು ಇದರ ಲಕ್ಷಣಗಳು. ಒಂದರಿಂದ ಮೂರು ದಿನಗಳಲ್ಲಿ ಸಾವು ಬರಬಹುದು. ಅನ್ನಕ್ಕಷ್ಟೇ ಅಲ್ಲ, ಪೊಂಗಲ್, ರಾಗಿ ಹಿಟ್ಟು, ಅಕ್ಕಿ, ಜೋಳದ ಕಾಳು, ಬ್ರೆಡ್ಡು, ಸಿಹಿತಿಂಡಿ ಎಲ್ಲಕ್ಕೂ ಇದು ಅನ್ವಯ.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ದಿನವೂ ಸ್ವಲ್ಪ ಹಿಂಡಿ, ಕಾಳಿನ ನುಚ್ಚು, ಕಲಗಚ್ಚು ತಿನ್ನುವ ಮನೆಯ ಹಸುವಿಗೆ ಏನೂ ಆಗುವುದಿಲ್ಲ. ಅದರ ರೂಮೆನ್‌ನ ಜೀವಿಗಳು ಆ ಪ್ರಮಾಣಕ್ಕೆ ಹೊಂದಿಕೊಂಡಿರುತ್ತವೆ. ಅಪಾಯ ಇರುವುದು ಅಭ್ಯಾಸವಿಲ್ಲದ ಹಸು ಒಮ್ಮೆಲೇ ಬಹಳ ತಿಂದಾಗ. ಛತ್ರದ ಹಿಂದೆ ಸುರಿದ ಅನ್ನದ ರಾಶಿಗೆ ಬೀದಿ ದನ ಬಾಯಿ ಹಾಕುವುದು ಅಂಥ ಸಂದರ್ಭ. ಸಂಕ್ರಾಂತಿ, ದೀಪಾವಳಿಯ ಗೋಪೂಜೆಯ ದಿನ ಬೀದಿಯ ಹತ್ತು ಮನೆಯವರು ಒಂದೇ ಹಸುವಿಗೆ ಹತ್ತು ತಟ್ಟೆ ನೈವೇದ್ಯ ತಿನ್ನಿಸುವುದೂ ಅಷ್ಟೇ. ಗೋಗ್ರಾಸಕ್ಕೆ ಒಂದು ಹಿಡಿ ಸಾಕು. ಮೇಲೊಂದು ಕಂತೆ ಹಸಿಹುಲ್ಲು ಹಾಕಿದರೆ ಹಸುವಿಗೆ ಹಿತ. ಹೆಚ್ಚು ತಿಂದಿದೆಯೆಂದು ತಿಳಿದ ತಕ್ಷಣ, ಲಕ್ಷಣಕ್ಕಾಗಿ ಕಾಯದೆ ಪಶುವೈದ್ಯರನ್ನು ಕರೆಯಬೇಕು. ರಾಜ್ಯದ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ವೈದ್ಯರು ಸೋಡಾ, ದ್ರಾವಣಗಳನ್ನು ಕೊಡುತ್ತಾರೆ. ಗಂಭೀರವಾಗಿದ್ದರೆ ಎಡಪಕ್ಕೆಯಲ್ಲಿ ರೂಮೆನ್ ತೆರೆದು ಖಾಲಿ ಮಾಡಿ, ಆರೋಗ್ಯವಂತ ಹಸುವಿನ ರೂಮೆನ್ ರಸವನ್ನು ತುಂಬುವುದೂ ಉಂಟು. ನಿತ್ರಾಣಗೊಂಡ ಹಸುವಿನ ಬಾಯಿಗೆ ಗೊಟ್ಟದಲ್ಲಿ ಬಲವಂತವಾಗಿ ಏನನ್ನೂ ಹುಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಅನಾಹುತ.

ನಗರದ ದನಗಳಿಗೆ ಇದಕ್ಕಿಂತ ದೊಡ್ಡ ಶತ್ರು ಪ್ಲಾಸ್ಟಿಕ್. ತುದಿನಾಲಿಗೆಯಿಂದ ಆಯ್ದು ತಿನ್ನುವ ಆಡಿನಂತಲ್ಲ ಹಸು. ಅದು ನುಂಗಿ ಆಮೇಲೆ ನೋಡಿಕೊಳ್ಳುವ ಪ್ರಾಣಿ. ಗಂಟು ಹಾಕಿದ ಕವರಿನೊಳಗೆ ಸಾರನ್ನದ ವಾಸನೆ ಬಂದರೆ ಕವರು ಸಮೇತ ಒಳಗೆ. ರೂಮೆನ್‌ನ ಯಾವ ಜೀವಿಯೂ ಅದನ್ನು ಒಡೆಯಲಾರದು, ಮುಂದಿನ ಕೋಣೆಯ ಕಿರಿದಾದ ಬಾಯಿಯನ್ನು ಅದು ದಾಟಲಾರದು. ವರ್ಷಗಟ್ಟಲೆ ಸೇರುತ್ತಾ ಹಗ್ಗದಂತೆ ಹೊಸೆದುಕೊಂಡು ಕೂರುತ್ತದೆ. ಇಂಥ ಹಸುಗಳ ಹೊಟ್ಟೆಯಿಂದ ಶಸ್ತ್ರಚಿಕಿತ್ಸೆಯಲ್ಲಿ ಹತ್ತಾರು ಕಿಲೋ ಪ್ಲಾಸ್ಟಿಕ್ ತೆಗೆದ ಸುದ್ದಿಗಳು ದೇಶದೆಲ್ಲೆಡೆಯಿಂದ ಬರುತ್ತಲೇ ಇವೆ. ಹೊಟ್ಟೆ ತುಂಬಿದಂತೆ ಕಾಣುವ ಹಸು ವಾಸ್ತವದಲ್ಲಿ ಉಪವಾಸ ಬೀಳುತ್ತಿರುತ್ತದೆ. ಕರ್ನಾಟಕ ಸರಕಾರ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು, 2022ರ ಜುಲೈ 1ರಿಂದ ಏಕಬಳಕೆಯ ಹಲವು ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ತಿಪ್ಪೆಯ ಚಿತ್ರ ಅಷ್ಟೇನೂ ಬದಲಾಗಿಲ್ಲ.

ಮೊಳೆ, ತಂತಿಗಳಂಥ ಭಾರದ ವಸ್ತುಗಳು ಜೇನುಗೂಡಿನಂಥ ಎರಡನೆಯ ಕೋಣೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಆ ಕೋಣೆಗೂ ಹೃದಯಕ್ಕೂ ನಡುವೆ ತೆಳುವಾದ ವಪೆ ಮಾತ್ರ ಇರುವುದರಿಂದ ಚೂಪಾದ ತಂತಿ ಅದನ್ನು ತೂರಿ ಹೃದಯದ ಚೀಲವನ್ನು ಚುಚ್ಚಬಹುದು. ಚೂಪಿಲ್ಲದ್ದಾದರೆ ಸುಮ್ಮನೆ ಕೂತಿರುತ್ತದೆ. 2021ರ ದೀಪಾವಳಿಯಲ್ಲಿ ಶಿರಸಿ ತಾಲ್ಲೂಕಿನ ಮನೆಯೊಂದರಲ್ಲಿ ಗೋಪೂಜೆಗೆ ತೊಡಿಸಿದ್ದ ಚಿನ್ನದ ಸರ ಹೂವಿನೊಂದಿಗೆ ಹೊಟ್ಟೆ ಸೇರಿತು. ಮನೆಯವರು ತಿಂಗಳಿಗೂ ಹೆಚ್ಚು ಕಾಲ ಸಗಣಿ ಜಾಲಾಡಿದರೂ ಸಿಗದೆ, ಕೊನೆಗೆ ಲೋಹಶೋಧಕ ಹಿಡಿದು ಸ್ಥಳ ಗುರುತಿಸಿ ಶಸ್ತ್ರಚಿಕಿತ್ಸೆಯಿಂದ ತೆಗೆಸಿದರು. ಸುದ್ದಿ ಓದಿ ನಕ್ಕವರೇ ಹೆಚ್ಚು. ಹಸುವಿನ ಹೊಟ್ಟೆಗೆ ಹೋದ ಲೋಹ ಸುಲಭವಾಗಿ ಹೊರಬರುವುದಿಲ್ಲವೆಂಬ ಪಾಠವನ್ನು ಗಮನಿಸಿದವರು ಕಡಿಮೆ.

ಆನೆ, ಮುಸುವ, ಹೆಬ್ಬಾವು, ರಣಹದ್ದು

ಹುಲ್ಲು ಸೊಪ್ಪು ತಿನ್ನುವುದಕ್ಕೆ ಹಸುವಿನ ದಾರಿಯೊಂದೇ ಅಲ್ಲ. ಆನೆ, ಕುದುರೆಗಳಲ್ಲಿ ಹುದುಗುವ ತೊಟ್ಟಿ ಕರುಳಿನ ಹಿಂಭಾಗದಲ್ಲಿದೆ. ಮೆಲುಕು ಇಲ್ಲ, ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅರಗದೆ ಹೊರಬೀಳುತ್ತದೆ. ಆ ಕೊರತೆಯನ್ನು ಆನೆ ದಿನಕ್ಕೆ ನೂರೈವತ್ತು ಕಿಲೋದಷ್ಟು ತಿಂದು ಸರಿದೂಗಿಸಿಕೊಳ್ಳುತ್ತದೆ. ಮೊಲ ಒಮ್ಮೆ ಹಾಕಿದ ಮೆತ್ತನೆಯ ಹಿಕ್ಕೆಯನ್ನು ತಾನೇ ತಿಂದು ಎರಡನೆಯ ಬಾರಿ ಜೀರ್ಣಿಸಿಕೊಳ್ಳುತ್ತದೆ. ಹಲ್ಲಿಲ್ಲದ ಕೋಳಿ ನುಂಗಿದ ಕಲ್ಲಿನ ಹರಳುಗಳಿಂದ ಹೊಟ್ಟೆಯೊಳಗೇ ಕಾಳು ಬೀಸುತ್ತದೆ.

ದೇವಸ್ಥಾನಗಳ ಬಳಿ ಕಾಣುವ ಎರಡು ಬಗೆಯ ಕೋತಿಗಳಲ್ಲೂ ವ್ಯತ್ಯಾಸವಿದೆ. ಕೆಂಪು ಮೋರೆಯ ಮಂಗಕ್ಕೆ ಕೆನ್ನೆಯಲ್ಲಿ ಚೀಲವಿದೆ, ಹೊಟ್ಟೆ ನಮ್ಮಂಥದ್ದೇ. ಕಪ್ಪು ಮೋರೆಯ ಮುಸುವಕ್ಕೆ ಕೆನ್ನೆಚೀಲವಿಲ್ಲ, ಹೊಟ್ಟೆ ಹಲವು ಕೋಣೆಗಳದ್ದು. ಅಲ್ಲಿ ಬ್ಯಾಕ್ಟೀರಿಯಾಗಳು ಎಲೆಯನ್ನು ಹುದುಗಿಸುತ್ತವೆ. ಹಸುವಿಗೆ ಅನ್ನ ಹೇಗೋ ಮುಸುವಕ್ಕೆ ಬಿಸ್ಕತ್ತು, ಬನ್ನು ಹಾಗೆ.

ಹೆಬ್ಬಾವಿನದು ಇನ್ನೊಂದು ಅತಿ. ವಾರಗಟ್ಟಲೆ ಉಪವಾಸವಿದ್ದು ಒಂದು ಬೇಟೆಯನ್ನು ಇಡಿಯಾಗಿ ನುಂಗಿದಾಗ ಅದರ ಕರುಳು ಒಂದೆರಡು ದಿನಗಳಲ್ಲಿ ದಪ್ಪವಾಗುತ್ತದೆ, ಹೃದಯ ಸಹ ಶೇ 40ರಷ್ಟು ಬೆಳೆಯುತ್ತದೆಂದು ಬರ್ಮಾ ಹೆಬ್ಬಾವುಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅರಗಿದ ಮೇಲೆ ಎಲ್ಲವೂ ಮತ್ತೆ ಕುಗ್ಗುತ್ತವೆ.

ಸತ್ತ ಹಸುವನ್ನು ಅರಗಿಸಿಕೊಳ್ಳಲೂ ಒಂದು ಹೊಟ್ಟೆ ಬೇಕು. ರಣಹದ್ದಿನ ಜಠರದ ಆಮ್ಲ ಎಷ್ಟು ತೀಕ್ಷ್ಣವೆಂದರೆ ಕೊಳೆತ ಮಾಂಸದಲ್ಲಿರುವ, ನಮ್ಮನ್ನು ಕೊಲ್ಲಬಲ್ಲ ಎಷ್ಟೋ ರೋಗಾಣುಗಳು ಅದರಲ್ಲಿ ನಾಶವಾಗುತ್ತವೆ. ಅದೇ ಹಕ್ಕಿಯ ಮೂತ್ರಪಿಂಡ ಡೈಕ್ಲೊಫೆನಾಕ್ ಎಂಬ ನೋವು ನಿವಾರಕದ ಮುಂದೆ ಸೋತಿತು. ಔಷಧ ಪಡೆದು ಸತ್ತ ದನದ ಮಾಂಸ ತಿಂದ ಹದ್ದುಗಳು ಸಾಯುತ್ತಿವೆಯೆಂಬುದು 2004ರಲ್ಲಿ ಪತ್ತೆಯಾಗುವಷ್ಟರಲ್ಲಿ, ಒಂದು ಕಾಲಕ್ಕೆ ಎಲ್ಲೆಡೆ ಕಾಣುತ್ತಿದ್ದ ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ ಬಹುಪಾಲು ಅಳಿದಿತ್ತು. 1992ರಿಂದ 2007ರೊಳಗೆ ಅದರ ಸಂಖ್ಯೆ ಶೇ 99ಕ್ಕೂ ಹೆಚ್ಚು ಕುಸಿಯಿತು. ಪಶುಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್‌ಗಳ ಪಶು ಬಳಕೆಗೆ ನಿಷೇಧ ಬಂದದ್ದು 2023ರಲ್ಲಿ. ಹದ್ದುಗಳಿಗೆ ಹಾನಿಯಿಲ್ಲದ ಮೆಲೊಕ್ಸಿಕಾಂ ಪಶುವೈದ್ಯರ ಬಳಿ ಲಭ್ಯವಿದೆ. ರಾಮನಗರದ ರಾಮದೇವರ ಬೆಟ್ಟವನ್ನು ರಾಜ್ಯ ಸರಕಾರ 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದ್ದು, ಅಲ್ಲಿನ ಬಂಡೆಗಳಲ್ಲಿ ಗೂಡುಕಟ್ಟುವ ಉದ್ದಕೊಕ್ಕಿನ ರಣಹದ್ದುಗಳು ಕೈಬೆರಳೆಣಿಕೆಯಷ್ಟು ಮಾತ್ರ.